ಪಿ-ಇ ಕಡಿಮೆ ಇದ್ದರೆ ಷೇರು ಅಗ್ಗವೇ?

ಪ್ರಶ್ನೆ: 2025ರಲ್ಲಿ ಷೇರು ವಹಿವಾಟಿನ ಆಪ್‌ನಲ್ಲಿ ಐಟಿಸಿಯ ಪಿ-ಇ 15ರ ಆಸುಪಾಸು ತೋರಿಸುತ್ತಿತ್ತು. ಅದಕ್ಕೂ ಹಿಂದಿನ ವರ್ಷ 25 ದಾಟಿತ್ತು. ಷೇರು ಅಷ್ಟೊಂದು ಅಗ್ಗವಾಗಿತ್ತಾ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ. ಷೇರಿನ ಬೆಲೆಯನ್ನು ಒಂದು ಷೇರಿನ ಪಾಲಿಗೆ ಬರುವ ವರ್ಷದ ಲಾಭದಿಂದ ಭಾಗಿಸಿದರೆ ಬರುವುದೇ ಪಿ-ಇ, ಅಲ್ವಾ? ಬೆಲೆ 300, ಲಾಭ 12 ಆದರೆ ಪಿ-ಇ 25. ಬೆಲೆ ಅಲ್ಲೇ ಇದ್ದು ಲಾಭ ಮಾತ್ರ 20ಕ್ಕೆ ಏರಿದರೆ ಪಿ-ಇ 15. ಹಾಗಾಗಿ ಪಿ-ಇ ದಿಢೀರನೆ ಇಳಿದರೆ, ಬೆಲೆ ಬಿದ್ದಿದೆಯೋ ಲಾಭ ಏರಿದೆಯೋ, ಏರಿದ್ದರೆ ಆ ಲಾಭ ಎಲ್ಲಿಂದ ಬಂತು ಅಂತ ಮೊದಲು ನೋಡಿ.

ಐಟಿಸಿ ತನ್ನ ಹೋಟೆಲ್ ವ್ಯವಹಾರವನ್ನು 2025ರ ಜನವರಿ 1ರಿಂದ ಬೇರೆ ಕಂಪನಿ ಮಾಡಿತು. ಅದರಿಂದಾಗಿ ಮಾರ್ಚ್ ತ್ರೈಮಾಸಿಕದ ಲೆಕ್ಕಕ್ಕೆ 15 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಲಾಭ ಸೇರಿತು. ಅದು ಸಿಗರೇಟು, ಬಿಸ್ಕತ್ತು, ಗೋಧಿಹಿಟ್ಟು ಮಾರಿ ಬಂದದ್ದಲ್ಲ, ನಗದಾಗಿ ಕೈಸೇರಿದ್ದೂ ಅಲ್ಲ, ಮುಂದಿನ ವರ್ಷ ಮತ್ತೆ ಬರುವಂಥದ್ದೂ ಅಲ್ಲ. ವಿಶ್ಲೇಷಕರು ಮೊದಲು ಮಾಡುವುದೇ ಇಂಥ ಲಾಭವನ್ನು ತೆಗೆದುಹಾಕಿ ಮತ್ತೆ ಲೆಕ್ಕ ಹಾಕುವುದು. ಹಾಗೆ ಮಾಡಿದರೆ ಐಟಿಸಿಯ ಪಿ-ಇ ಮತ್ತೆ 25ರ ಹತ್ತಿರವೇ ಬರುತ್ತಿತ್ತು.

ಆಪ್ ಇದನ್ನೆಲ್ಲ ಸೋಸುವುದಿಲ್ಲ, ಸುಮ್ನೆ ಭಾಗಿಸಿ ತೋರಿಸುತ್ತದೆ. ಫಲಿತಾಂಶದ ಹಾಳೆಯಲ್ಲಿ 'ಎಕ್ಸೆಪ್ಷನಲ್ ಐಟಮ್ಸ್' (ಎಂದಿನದಲ್ಲದ ಲಾಭ-ನಷ್ಟ), 'ಡಿಸ್ಕಂಟಿನ್ಯೂಡ್ ಆಪರೇಷನ್ಸ್' (ಕಂಪನಿ ಕೈಬಿಟ್ಟ ವ್ಯವಹಾರ) ಅನ್ನುವ ಸಾಲುಗಳನ್ನು ನೀವೇ ಹುಡುಕಬೇಕು. ಎರಡು ನಿಮಿಷದ ಕೆಲಸ, ದಯವಿಟ್ಟು ಮಾಡಿ. ಆಮೇಲೆ ಅದೇ ಕಂಪನಿಯ ಹಳೆಯ ಐದಾರು ವರ್ಷಗಳ ಜೊತೆ, ಅದೇ ವ್ಯಾಪಾರದ ಬೇರೆ ಕಂಪನಿಗಳ ಜೊತೆ ಹೋಲಿಸಿ. ಉಕ್ಕಿನ ಕಂಪನಿಯ ಪಿ-ಇಯನ್ನು ಸೋಪಿನ ಕಂಪನಿಯ ಪಿ-ಇ ಪಕ್ಕ ಇಟ್ಟರೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ನನ್ನದು ಸಣ್ಣ ರೈಸ್ ಮಿಲ್. ಸಿಸಿ ಲಿಮಿಟ್ (ದಿನದ ವ್ಯಾಪಾರಕ್ಕೆ ಬ್ಯಾಂಕ್ ಕೊಡುವ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ) ಜಾಸ್ತಿ ಮಾಡಿ ಅಂದರೆ ಬ್ಯಾಂಕಿನವರು 'ಕರೆಂಟ್ ರೇಷಿಯೋ 1.33 ಇಲ್ಲ' ಅನ್ನುತ್ತಾರೆ. ಈ 1.33 ಯಾಕೆ?
– ಓದುಗರು, ಗಂಗಾವತಿ

ಉತ್ತರ: ವರ್ಷದೊಳಗೆ ನಗದಾಗುವ ಆಸ್ತಿಯನ್ನು ವರ್ಷದೊಳಗೆ ತೀರಿಸಬೇಕಾದ ಸಾಲದಿಂದ ಭಾಗಿಸಿದರೆ ಬರುವುದೇ ಕರೆಂಟ್ ರೇಷಿಯೋ. 1.33ರ ಮೂಲ, ಬ್ಯಾಂಕ್ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಟಂಡನ್ ಸಮಿತಿಯ 1975ರ ವರದಿ. ದಾಸ್ತಾನು, ಬರಬೇಕಾದ ಬಾಕಿ, ಕೈಯಲ್ಲಿರುವ ನಗದು ಸೇರಿ 100 ರೂಪಾಯಿ ಇದ್ದರೆ, ಅದರಲ್ಲಿ 25 ರೂಪಾಯಿ ನಿಮ್ಮ ಸ್ವಂತದ್ದೋ ದೀರ್ಘಾವಧಿಯದ್ದೋ ಹಣ ಆಗಿರಬೇಕು, ಉಳಿದ 75 ಮಾತ್ರ ವರ್ಷದೊಳಗೆ ತೀರಿಸುವ ಸಾಲ ಆಗಬಹುದು. 100ನ್ನು 75ರಿಂದ ಭಾಗಿಸಿ, 1.33 ಬರುತ್ತದೆ. ಸಿಸಿ ಹಣದಲ್ಲಿ ಮೆಷಿನ್ ಏನಾದರೂ ಕೊಂಡಿದ್ದೀರಾ? ಹಾಗಿದ್ದರೆ ರೇಷಿಯೋ ಬಿದ್ದಿರುವುದು ಅಲ್ಲೇ. ಯಾಕೆಂದರೆ ಸಾಲ ವರ್ಷದೊಳಗಿನದು, ಮೆಷಿನ್ ಮಾತ್ರ ಆ 100ರ ಲೆಕ್ಕಕ್ಕೆ ಬರುವುದಿಲ್ಲ. ಆ ಮೊತ್ತವನ್ನು, ಕೆಲವು ವರ್ಷಗಳಲ್ಲಿ ಕಂತಿನ ಮೇಲೆ ತೀರಿಸುವ ಟರ್ಮ್ ಲೋನ್‌ಗೆ ವರ್ಗಾಯಿಸಿ ಅಂತ ಮ್ಯಾನೇಜರನ್ನು ಕೇಳಿ ನೋಡಿ, ಲಿಮಿಟ್ ವಿಷಯ ಆಮೇಲೆ ಎತ್ತಿ.