ಗೈಡ್ ಜೊತೆ ಶಿಕಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕೊಡಗಿನವನು. ಎಚ್1ಬಿ ವೀಸಾದಲ್ಲಿ ಡೆನ್ವರ್‌ನಲ್ಲಿದ್ದೇನೆ. ಅಕ್ಟೋಬರ್‌ನಲ್ಲಿ ಕೊಲೊರಾಡೊ ಬೆಟ್ಟಗಳಲ್ಲಿ ಗೈಡ್ ಜೊತೆ ಐದು ದಿನ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಶಿಕಾರಿಗೆ ಮುಂಗಡ ಕೊಟ್ಟಿದ್ದೇನೆ. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಈಡು ಹೊಡೆದದ್ದು ಬಿಟ್ಟರೆ ಅನುಭವವಿಲ್ಲ. ಗೈಡ್‌ಗೆ ತಲೆನೋವಾಗದಂತೆ ಹೇಗೆ ತಯಾರಾಗಲಿ?

ಉತ್ತರ: ಮೊದಲು ಕಾಗದಪತ್ರ. ನಿಮ್ಮಂಥ ವೀಸಾದವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಸಿಗುತ್ತದೆ. ಲೈಸೆನ್ಸಿನ ಅವಧಿ ಮುಗಿದ ದಿನವೇ ಆ ವಿನಾಯಿತಿಯೂ ಮುಗಿಯುತ್ತದೆ. ಹಾಗಾಗಿ ಅಭ್ಯಾಸಕ್ಕೆ ಕೋವಿ ಮುಟ್ಟುವ ಮೊದಲೇ ಲೈಸೆನ್ಸ್ ಮಾಡಿಸಿ. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಲೈಸೆನ್ಸ್ ಬೇಕೆಂದರೆ ಬೇಟೆ ಸುರಕ್ಷತಾ ಕೋರ್ಸಿನ ಪ್ರಮಾಣಪತ್ರವೂ ಬೇಕು.

ಇನ್ನು ಗೈಡ್‌ನ ವಿಷಯ. ಅವನು ನಿಮ್ಮಿಂದ ಬಯಸುವುದು ಎರಡು ನಿಜ: ನಿಮ್ಮ ಕಾಲು ಎಷ್ಟು ನಡೆಯುತ್ತದೆ, ನಿಮ್ಮ ಗುರಿ ಎಷ್ಟು ದೂರ ನಿಲ್ಲುತ್ತದೆ. ಇವೆರಡರಲ್ಲಿ ಸುಳ್ಳು ಹೇಳಿದವರಿಂದಲೇ ಶಿಕಾರಿ ಕೆಡುವುದು ಹೆಚ್ಚು. “ದಿನಕ್ಕೆ ಹತ್ತು ಮೈಲಿ ಸಲೀಸು” ಎಂದವರು ಮೊದಲ ದಿನ ಮಧ್ಯಾಹ್ನಕ್ಕೇ ಕುಸಿದರೆ, ಗೈಡ್ ವಾರಗಟ್ಟಲೆ ಅಲೆದು ಗುರುತಿಟ್ಟ ಜಾಗಗಳೆಲ್ಲ ವ್ಯರ್ಥ. ಡೆನ್ವರ್ 1,600 ಮೀಟರ್ ಎತ್ತರದಲ್ಲಿದೆಯೆಂದು ನಿಶ್ಚಿಂತೆಯಿಂದ ಇರಬೇಡಿ. ಎಲ್ಕ್ ಹುಡುಕುವುದು ಹಲವು ಕಡೆ 2,700ರಿಂದ 3,300 ಮೀಟರ್‌ನಲ್ಲಿ. ಮೂರು ತಿಂಗಳ ಮೊದಲೇ ಬೆನ್ನಿಗೆ 10 ಕಿಲೊ ಭಾರ ಹಾಕಿಕೊಂಡು ಏರು ಹತ್ತುವ ಅಭ್ಯಾಸ ಶುರುಮಾಡಿ, ಬೂಟು ಅದರಲ್ಲೇ ಪಳಗಲಿ. ಹೊಸ ಬೂಟಿನಲ್ಲಿ ಬಂದವರ ಹಿಮ್ಮಡಿ ಎರಡನೇ ದಿನಕ್ಕೆ ಬೊಬ್ಬೆ ಎದ್ದಿರುತ್ತದೆ.

ತೆಂಗಿನಕಾಯಿಗೆ ಹೊಡೆಯುವಾಗ ಉಸಿರು ನಿಮ್ಮ ಹತೋಟಿಯಲ್ಲಿರುತ್ತದೆ, ಇಲ್ಲಿ ಇರುವುದಿಲ್ಲ. ಅದಕ್ಕೆ ಹೀಗೆ ಅಭ್ಯಾಸ ಮಾಡಿ: ಶೂಟಿಂಗ್ ರೇಂಜಿನಲ್ಲಿ ಕೋವಿ ಖಾಲಿಯಾಗಿ ಮೇಜಿನ ಮೇಲೇ ಇರಲಿ. ಹೊರಗೆ ಓಡಿ ಏದುಸಿರು ಬರಿಸಿಕೊಂಡು ಬಂದು ಕುಳಿತು, ಕೋಲಿನ ಆಸರೆಯಲ್ಲಿ ನಳಿಗೆಯಿಟ್ಟು, ಊಟದ ಕಾಗದದ ತಟ್ಟೆಯಷ್ಟು ದೊಡ್ಡ ಗುರಿಗೆ ಐದು ಈಡು ಹೊಡೆಯಿರಿ. ಐದೂ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ದೂರ. ಅದು 150 ಗಜವಾದರೆ 150 ಎಂದೇ ಹೇಳಿ, ಗೈಡ್ ಅಷ್ಟು ಹತ್ತಿರ ಕರೆದೊಯ್ಯುವ ದಾರಿ ಹುಡುಕುತ್ತಾನೆ. 300 ಎಂದು ಬಡಾಯಿ ಕೊಚ್ಚಿದರೆ 300ರಲ್ಲೇ ನಿಲ್ಲಿಸುತ್ತಾನೆ, ನರಳುವುದು ಪ್ರಾಣಿ. ಕ್ಯಾಂಪ್ ತಲುಪಿದ ಮೇಲೆ ಗೈಡ್‌ಗೆ ಹೇಳಿ ಇನ್ನೊಮ್ಮೆ ಗುರಿ ಪರೀಕ್ಷಿಸಿ. ಪ್ರಯಾಣದ ಕುಲುಕಾಟಕ್ಕೆ ಕೋವಿಯ ಮೇಲಿನ ಗುರಿ ನೋಡುವ ದುರ್ಬೀನು (ಸ್ಕೋಪ್) ಅಲುಗಿರಬಹುದು.

ಕಾಡಿನಲ್ಲಿ ಸಾಲಾಗಿ ನಡೆಯುವಾಗ ನಳಿಗೆ ಮುಂದಿರುವವನ ಬೆನ್ನ ಕಡೆ ತಿರುಗದಿರಲಿ. ಗೈಡ್ ಹೇಳುವ ತನಕ ಚೇಂಬರಿಗೆ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ತೋಟಾ ಬೇಡ. ಕೋವಿ ಹಿಡಿದವರನ್ನು ಮುಂದಿನ ವರ್ಷ ಕರೆಯಬೇಕೋ ಬೇಡವೋ ಎಂದು ಅವನು ತೀರ್ಮಾನಿಸುವುದು ಇದನ್ನು ನೋಡಿಯೇ. ಸೊಂಟದಿಂದ ಮೇಲಕ್ಕೆ ಕನಿಷ್ಠ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆ, ಅದೇ ಬಣ್ಣದ ಟೋಪಿ, ಇವು ರೈಫಲ್ ಸೀಸನ್ನಿನಲ್ಲಿ ಕಡ್ಡಾಯ. ಸರಬರ ಸದ್ದು ಮಾಡುವ ನೈಲಾನ್ ಜಾಕೆಟ್ಟು, ಸೆಂಟು ಮನೆಯಲ್ಲಿರಲಿ.

“ನೇರ ಹೋಗದೆ ಸುತ್ತಿ ಯಾಕೆ ಹೋಗಬೇಕು?” ಎಂದು ಗೊಣಗಬೇಡಿ. ಬಿಸಿಲೇರಿದಂತೆ ಗಾಳಿ ಇಳಿಜಾರಿನ ಮೇಲಕ್ಕೆ ಹರಿಯುತ್ತದೆ, ಸಂಜೆ ತಂಪಾದಾಗ ಕೆಳಕ್ಕೆ ಜಾರುತ್ತದೆ. ಎಲ್ಕ್ ಮೂಗಿಗೆ ನಿಮ್ಮ ವಾಸನೆ ಸಿಗದ ದಾರಿಯನ್ನೇ ಅವನು ಆರಿಸಿರುತ್ತಾನೆ.

ಪ್ರಶ್ನೆ: ಹೊಡೆದ ಎಲ್ಕ್ ಗಾಯಗೊಂಡು ಓಡಿದರೆ? ಇನ್ನೊಂದಕ್ಕೆ ಹೊಡೆಯಬಹುದೇ?

ಉತ್ತರ: ಗುಂಡು ಹಾರಿಸಿ ತಲೆಯೆತ್ತಿ ನೋಡುತ್ತ ನಿಲ್ಲುವುದು ಹೊಸಬರ ದೊಡ್ಡ ತಪ್ಪು. ಕಣ್ಣು ದುರ್ಬೀನಿನಲ್ಲೇ ಇರಲಿ, ಕೈ ಬೋಲ್ಟ್ ಎಳೆದು ಮುಂದಿನ ತೋಟಾ ಏರಿಸಲಿ. ಗೈಡ್ “ಮತ್ತೆ” ಎಂದರೆ ಮತ್ತೆ ಹೊಡೆಯಿರಿ, ಎಲ್ಕ್ ಒಂದೇ ಗುಂಡಿಗೆ ಬೀಳಲೇಬೇಕೆಂದಿಲ್ಲ. ಮರೆಯಾದರೆ ಕೊನೆಗೆ ಕಂಡ ಮರವನ್ನೋ ಬಂಡೆಯನ್ನೋ ನೆನಪಿಟ್ಟುಕೊಳ್ಳಿ. ಹಿಂದೆ ಓಡಬೇಡಿ. ಅರ್ಧ ಗಂಟೆ ಕಾಯುವುದು ವಾಡಿಕೆ. ಹೊಟ್ಟೆಗೆ ಬಿದ್ದಿದೆಯೆಂಬ ಅನುಮಾನವಿದ್ದರೆ ಹಲವು ಗಂಟೆ ಬಿಡಬೇಕು. ಬೇಗ ಎಬ್ಬಿಸಿದರೆ ಅದು ಮೈಲಿಗಟ್ಟಲೆ ಹೋಗಿ ಕೈಗೇ ಸಿಗದೆ ಸಾಯುತ್ತದೆ. ಗುಂಡು ಎಲ್ಲಿ ತಗುಲಿತೆಂದು ನಿಮಗನಿಸಿದ್ದನ್ನು ಮುಚ್ಚಿಡದೆ ಹೇಳಿ, ಹುಡುಕುವ ಕ್ರಮ ನಿಂತಿರುವುದೇ ಅದರ ಮೇಲೆ. ಇನ್ನೊಂದಕ್ಕೆ ಹೊಡೆಯುವ ಮಾತಿಲ್ಲ: ರಕ್ತ ಕಂಡರೆ, ಪ್ರಾಣಿ ಸಿಗದಿದ್ದರೂ, ನಿಮ್ಮ ಪಾಲಿನ ಶಿಕಾರಿ ಮುಗಿಯಿತು ಎಂದು ಅನೇಕ ಗೈಡ್‌ಗಳ ಒಪ್ಪಂದದಲ್ಲೇ ಬರೆದಿರುತ್ತದೆ. ಬರೆಯದಿದ್ದರೂ ಹಾಗೇ ನಡೆದುಕೊಳ್ಳುವುದು ಸರಿ.

ಸಿಕ್ಕಿತೆಂದರೆ ಫೋಟೊಕ್ಕೆ ಗಂಟೆ ಕಳೆಯಬೇಡಿ. 300 ಕಿಲೊ ತೂಗುವ ಮೈಯ ಬಿಸಿ ಬೇಗ ಆರುವುದಿಲ್ಲ, ತೊಡೆಯ ಮೂಳೆಯ ಬಳಿ ಮಾಂಸ ಹುಳಿಯುತ್ತದೆ. ತಕ್ಷಣ ಚರ್ಮ ಬಿಡಿಸಿ, ನಾಲ್ಕು ಕಾಲು ಬೇರ್ಪಡಿಸಿ, ಬಟ್ಟೆಯ ಚೀಲದಲ್ಲಿ ನೆರಳಿಗೆ ತೂಗುಹಾಕಬೇಕು. ಅಲ್ಲಿ ಕಾಲು ಹಿಡಿದು ಎಳೆಯಲು, ಒಂದು ಹೊರೆ ಹೊರಲು ಮುಂದಾದರೆ ಗೈಡ್ ಮರೆಯುವುದಿಲ್ಲ. ಕೊಂಬಷ್ಟೇ ಸಾಕು, ಮಾಂಸ ಬೇಡ ಎಂದು ಬಿಟ್ಟುಬರುವುದು ಕಾನೂನಿಗೂ ವಿರುದ್ಧ.

ಪ್ರಶ್ನೆ: ಟಿಪ್ಸ್ ಎಷ್ಟು? ಮುಂದಿನ ವರ್ಷ ಅದೇ ಜಾಗಕ್ಕೆ ಗೆಳೆಯರ ಜೊತೆ ನಾವೇ ಹೋಗಬಹುದೇ?

ಉತ್ತರ: ಶಿಕಾರಿಯ ಶುಲ್ಕದ ಶೇ. 10ರಿಂದ 15, ನಗದಾಗಿ, ಗೈಡ್ ಕೈಗೇ ಕೊಡಿ. ಅಡುಗೆಯವರಿಗೆ ಬೇರೆ. ಎಲ್ಕ್ ಸಿಗಲಿಲ್ಲವೆಂದು ಕಡಿಮೆ ಮಾಡಬೇಡಿ, ಬೆಳಗಿನ ನಾಲ್ಕಕ್ಕೆದ್ದು ದುಡಿದದ್ದಕ್ಕೆ ಆ ಹಣ.

ಎರಡನೆಯದಕ್ಕೆ ಉತ್ತರ, ಬೇಡ. ಸರ್ಕಾರಿ ಕಾಡಾದರೆ ತಡೆಯುವ ಕಾನೂನಿಲ್ಲ, ನಿಜ. ಆದರೆ ಆ ನೀರಿನ ಗುಂಡಿ, ಎಲ್ಕ್ ದಾಟುವ ಆ ಕಣಿವೆ ಅವನ ಹೊಟ್ಟೆಪಾಡು. ನಡೆಯುತ್ತಲೇ ಫೋನಿನಲ್ಲಿ ಜಿಪಿಎಸ್ ಗುರುತು ಹಾಕಿಕೊಳ್ಳುವ ಗಿರಾಕಿಗಿಂತ ಗುರಿ ತಪ್ಪಿದವನೇ ಗೈಡ್‌ಗೆ ವಾಸಿ.