ತೈಲ ಮುಗಿಯುತ್ತಂತೆ, ಪಿಎಚ್‌ಡಿ ಮಾಡ್ಲಾ?

ತೈಲಬಾವಿಯೇ ಇಲ್ಲದ ರಾಜ್ಯ ನಮ್ಮದು. ಆದರೂ ಪೆಟ್ರೋಲಿಯಂ ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡೋದು ಹೇಗೆ ಅಂತ ಕೇಳಿ ಬಂದ ಪತ್ರಗಳು ಈ ಸಲ ಸಾಕಷ್ಟಿವೆ. ಒಂದೇ ಥರದವನ್ನು ಬಿಟ್ಟು ಉಳಿದವಕ್ಕೆ ಉತ್ತರ ಬರೆದಿದ್ದೇನೆ. ಕೆಲವರು ಹೆಸರು ಬೇಡ ಅಂದಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಸರ್, ನಾನು ಕಲಬುರಗಿಯವಳು. ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಪೆಟ್ರೋಲಿಯಂನಲ್ಲಿ ಪಿಎಚ್‌ಡಿ ಮಾಡುವ ಆಸೆ. ಅಣ್ಣ ಮಾತ್ರ, ‘ಊರೆಲ್ಲ ಎಲೆಕ್ಟ್ರಿಕ್ ಗಾಡಿ ತಗೊಳ್ತಿದೆ, ನೀನು ಓದಿ ಮುಗಿಸೋ ಹೊತ್ತಿಗೆ ತೈಲವೇ ಇರಲ್ಲ’ ಅಂತ ಗೇಲಿ ಮಾಡ್ತಾನೆ. ಅವನು ಹೇಳೋದು ನಿಜಾನಾ?

ಅಣ್ಣನಿಗೆ ಒಂದು ಲೆಕ್ಕ ಹೇಳಿ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಪಾಲು ಹೊರಗಿನಿಂದ ಬರುತ್ತದೆ. ಸ್ಕೂಟರ್ ಎಲೆಕ್ಟ್ರಿಕ್ ಆಯ್ತು, ಸರಿ. ವಿಮಾನ, ಹಡಗು, ಡಾಂಬರು, ಪ್ಲಾಸ್ಟಿಕ್? ಇವೆಲ್ಲ ಐದು ವರ್ಷದಲ್ಲಿ ಮಾಯ ಆಗಲ್ಲ.

ಹಾಗಂತ ಅವನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಈ ಕ್ಷೇತ್ರಕ್ಕೆ ತೈಲ ಮುಗಿಯುವ ಭಯಕ್ಕಿಂತ ಬೆಲೆ ಏರಿಳಿತದ ಕಾಟ ಜಾಸ್ತಿ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ದಾಟಿದ್ದ ತೈಲ 2016ರ ಶುರುವಿನಲ್ಲಿ 30ರ ಕೆಳಗೆ ಬಿತ್ತು. 2020ರ ಏಪ್ರಿಲ್ 20ರಂದು ಅಮೆರಿಕದ ಫ್ಯೂಚರ್ಸ್ ಮಾರುಕಟ್ಟೆಯಲ್ಲಿ (ಮುಂದೆ ಕೊಡುವ ತೈಲಕ್ಕೆ ಈಗಲೇ ಬೆಲೆ ಕಟ್ಟುವ ಕಡೆ) ಬೆಲೆ ಸೊನ್ನೆಗಿಂತ ಕೆಳಗೆ, ಮೈನಸ್ 37 ಡಾಲರ್‌ಗೆ ಇಳಿಯಿತು. ಅಂದರೆ ‘ದಯವಿಟ್ಟು ತಗೊಂಡು ಹೋಗಿ’ ಅಂತ ಮಾರುವವರೇ ಕೈಯಿಂದ ದುಡ್ಡು ಕೊಡುವ ಸ್ಥಿತಿ. ಹೀಗಾದಾಗಲೆಲ್ಲ ಕಂಪನಿಗಳು ಜನರನ್ನು ಮನೆಗೆ ಕಳಿಸುತ್ತವೆ, ಕಾಲೇಜುಗಳಲ್ಲಿ ಸೀಟು ಖಾಲಿ ಬೀಳುತ್ತವೆ. ಬೆಲೆ ಏರಿದ ಮೇಲೆ ಅದೇ ಕಂಪನಿಗಳು ಜನ ಸಿಗ್ತಿಲ್ಲ ಅಂತ ಗೋಳಾಡುತ್ತವೆ. ಪಿಎಚ್‌ಡಿಗೆ ನಾಲ್ಕೈದು ವರ್ಷ ಬೇಕು. ಸೇರುವ ದಿನದ ಬೆಲೆಗೂ ಮುಗಿಸುವ ದಿನದ ಬೆಲೆಗೂ ಯಾವ ಸಂಬಂಧವೂ ಇರುವುದಿಲ್ಲ, ಆದ್ದರಿಂದ ಬೆಲೆ ನೋಡಿ ಸೇರಲೂಬೇಡಿ, ಬಿಡಲೂಬೇಡಿ.

ನಾನು ಕೇಳೋದು ಬೇರೆ. ನಿಮಗೆ ಬೇಕಿರೋದು ರಿಗ್ (ಬಾವಿ ಕೊರೆಯುವ ಅಟ್ಟಣೆ) ಮೇಲಿನ ಕೆಲಸ, ಒಳ್ಳೆ ಸಂಬಳ, ಊರೂರು ತಿರುಗಾಟ ಇಷ್ಟೇ ಆಗಿದ್ದರೆ ಪಿಎಚ್‌ಡಿ ಬೇಡವೇ ಬೇಡ. ಅದಕ್ಕೆ ಬಿ.ಇ. ಸಾಕು, ಎಂ.ಟೆಕ್. ಇದ್ದರೆ ಧಾರಾಳ. ಡಾಕ್ಟರೇಟ್ ಹಿಡಿದು ಫೀಲ್ಡ್ ಕೆಲಸ ಕೇಳಲು ಹೋದರೆ ‘ಇಷ್ಟು ಓದಿದವರು ಇಲ್ಲಿ ನಿಲ್ತಾರಾ’ ಅಂತ ಅನುಮಾನದಿಂದ ನೋಡುವವರೇ ಜಾಸ್ತಿ. ಬಂಡೆಯೊಳಗೆ ತೈಲ, ನೀರು, ಅನಿಲ ಹೇಗೆ ಹರಿಯುತ್ತವೆ ಅನ್ನೋದು ನಿಮ್ಮ ತಲೆ ಕೊರೆಯುತ್ತಿದ್ದರೆ ಮಾತ್ರ ಮುಂದೆ ಓದಿ.

ನೆಲದಡಿ ತೈಲದ ಕೆರೆ ಇದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಇಟ್ಟಿಗೆ ನೀರು ಕುಡಿದಿರುತ್ತಲ್ಲ, ಹಾಗೆ ಬಂಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ತೈಲ ಕೂತಿರುತ್ತದೆ. ಬಾವಿ ಕೊರೆದರೆ ಒಂದಿಷ್ಟು ತಾನಾಗಿ ಬರುತ್ತದೆ. ಆಮೇಲೆ ನೀರು ಒತ್ತಿ ಇನ್ನೊಂದಿಷ್ಟು ತಳ್ಳುತ್ತಾರೆ. ಅಷ್ಟಾದರೂ ಜಗತ್ತಿನ ಸರಾಸರಿ ನೋಡಿದರೆ ಮೇಲೆ ಬರೋದು ಮೂರರಲ್ಲಿ ಒಂದು ಪಾಲಿನ ಆಸುಪಾಸು, ಉಳಿದದ್ದು ಅಲ್ಲೇ. ಪೆಟ್ರೋಲಿಯಂ ಪಿಎಚ್‌ಡಿಗಳಲ್ಲಿ ದೊಡ್ಡ ಪಾಲು ಆ ಉಳಿದದ್ದರ ಹಿಂದೆಯೇ ಬಿದ್ದಿರುತ್ತವೆ.

ರಾಜಸ್ಥಾನದ ಬಾಡ್ಮೇರ್‌ನ ಮಂಗಳಾ ತೈಲಕ್ಷೇತ್ರ ನೋಡಿ. 2004ರಲ್ಲಿ ಸಿಕ್ಕಿತು, 2009ರಲ್ಲಿ ಉತ್ಪಾದನೆ ಶುರು. ಅಲ್ಲಿನ ತೈಲದಲ್ಲಿ ಮೇಣ ಎಷ್ಟಿದೆ ಅಂದರೆ ಹೊರಗೆ ತಂದಿಟ್ಟರೆ ಗಟ್ಟಿಯಾಗಿಬಿಡುತ್ತದೆ. ಅದಕ್ಕೇ ಗುಜರಾತ್ ಕಡೆಗೆ ಹೋಗುವ 600 ಕಿ.ಮೀ.ಗೂ ಉದ್ದದ ಪೈಪ್‌ಲೈನನ್ನು ದಾರಿಯುದ್ದಕ್ಕೂ ಬಿಸಿಯಾಗಿಡಬೇಕು. ನೆಲದೊಳಗೆ ಬರೀ ನೀರು ಒತ್ತಿದರೆ ತೆಳ್ಳಗಿನ ನೀರು ದಪ್ಪ ತೈಲವನ್ನು ತಳ್ಳದೆ ಪಕ್ಕದಿಂದ ನುಸುಳಿ ಸೀದಾ ಬಾವಿಗೆ ಬಂದುಬಿಡುತ್ತದೆ. ಅದಕ್ಕೆ ನೀರಿಗೆ ಪಾಲಿಮರ್ ಬೆರೆಸಿ ಮಂದ ಮಾಡಿ ಒತ್ತುತ್ತಾರೆ. ಯಾವ ಪಾಲಿಮರ್, ಎಷ್ಟು, ಆ ಬಿಸಿಗೆ ಅದು ಎಷ್ಟು ಕಾಲ ತಾಳುತ್ತದೆ, ಬಂಡೆಗೆ ಎಷ್ಟು ಅಂಟಿಕೊಂಡು ವ್ಯರ್ಥವಾಗುತ್ತದೆ? ಒಂದೊಂದೂ ಒಂದೊಂದು ಥೀಸಿಸ್. ಕೆಮಿಕಲ್ ಓದಿದ ನಿಮಗೆ ಇದು ಹೊಸ ಭಾಷೆ ಏನಲ್ಲ.

ಲ್ಯಾಬ್ ಹೇಗಿರುತ್ತೆ ಅಂತಲೂ ಹೇಳಿಬಿಡ್ತೀನಿ, ಸೇರಿದ ಮೇಲೆ ಗಾಬರಿ ಬೇಡ. ಒಂದೂವರೆ ಇಂಚು ದಪ್ಪದ, ಬೆರಳುದ್ದದ ಮರಳುಗಲ್ಲಿನ ತುಂಡು. ಜಗತ್ತಿನ ಬಹುಪಾಲು ಲ್ಯಾಬ್‌ಗಳಲ್ಲಿ ಕಾಣುವುದು ಅಮೆರಿಕದ ಒಹಾಯೊದಿಂದ ಬರುವ ಬೆರಿಯಾ ಅನ್ನೋ ಕಲ್ಲು. ಅದನ್ನು ತೊಳೆದು, ಒಣಗಿಸಿ, ಉಪ್ಪುನೀರು ತುಂಬಿಸಿ, ಆಮೇಲೆ ತೈಲ ತುಂಬಿಸಿ, ನೆಲದೊಳಗೆ ಇದ್ದ ಸ್ಥಿತಿಗೆ ಬರಲಿ ಅಂತ ಬಿಸಿಯಲ್ಲಿ ವಾರಗಟ್ಟಲೆ ಬಿಡುತ್ತಾರೆ. ಆಮೇಲೆ ಉಕ್ಕಿನ ಹೋಲ್ಡರ್‌ನಲ್ಲಿಟ್ಟು ಒಂದು ಕಡೆಯಿಂದ ನಿಧಾನಕ್ಕೆ, ನಿಮಿಷಕ್ಕೆ ಹನಿಗಳ ಲೆಕ್ಕದಲ್ಲಿ, ದ್ರವ ಒತ್ತಿ ಇನ್ನೊಂದು ಕಡೆ ಎಷ್ಟು ತೈಲ ಬಂತು ಅಂತ ಗಾಜಿನ ನಳಿಗೆಯಲ್ಲಿ ಅಳೆಯಬೇಕು. ನಡುರಾತ್ರಿ ಕಲ್ಲಿನ ಸುತ್ತಲಿನ ರಬ್ಬರ್ ತೋಳು ಸೋರಿತು ಅನ್ನಿ, ಅಥವಾ ಕರೆಂಟ್ ಹೋಗಿ ಪಂಪ್ ನಿಂತಿತು ಅನ್ನಿ, ಕಲ್ಲು ತೊಳೆಯೋದರಿಂದ ಮತ್ತೆ ಶುರು. ಇದು ಬೇಡ ಅನ್ನುವವರು ಸಿಮ್ಯುಲೇಷನ್ ಕಡೆ, ಅಂದರೆ ಬಂಡೆಯೊಳಗಿನ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಕಡೆ ಹೋಗುತ್ತಾರೆ. ನಿಮಗೆ ಕೋಡಿಂಗ್ ಬರುವುದರಿಂದ ಆ ದಾರಿಯೂ ತೆರೆದಿದೆ. ಆದರೆ ಒಂದು ಸಲವೂ ಕಲ್ಲು ಮುಟ್ಟದೆ ಬರೀ ಕಂಪ್ಯೂಟರ್‌ನಲ್ಲಿ ಬಣ್ಣಬಣ್ಣದ ಚಿತ್ರ ಬರಿಸಿದ ಥೀಸಿಸ್ ನನಗಂತೂ ಅಷ್ಟಕ್ಕಷ್ಟೇ.

ಇನ್ನೊಂದು ಮಾತು ಅಣ್ಣನಿಗೆ. ಇದೇ ವಿದ್ಯೆ ತೈಲದಾಚೆಗೂ ಬೇಕು. ನಾರ್ವೆಯ ಕಡಲಿನ ಸ್ಲೈಪ್ನರ್ ಅನಿಲಕ್ಷೇತ್ರದಲ್ಲಿ 1996ರಿಂದ ಇಂಗಾಲದ ಡೈಆಕ್ಸೈಡನ್ನು ಸಮುದ್ರತಳದ ಬಂಡೆಯೊಳಗೆ ತುಂಬುತ್ತಾ ಬಂದಿದ್ದಾರೆ. ತೈಲ ಹೊರತೆಗೆಯುವ ಲೆಕ್ಕವನ್ನೇ ತಿರುವಿಹಾಕಿದರೆ ಅದು. ಭೂಮಿಯೊಳಗಿನ ಬಿಸಿಯಿಂದ ವಿದ್ಯುತ್ ತೆಗೆಯುವವರೂ ಬಾವಿ ಕೊರೆಯಲು ತೈಲದವರನ್ನೇ ಕರೆಯುತ್ತಿದ್ದಾರೆ. ವಿಷಯ ಆರಿಸುವಾಗ ಇಂಥ ಎರಡು ಕಡೆಗೂ ಸಲ್ಲುವ ಪ್ರಶ್ನೆ ಸಿಕ್ಕರೆ ಬಿಡಬೇಡಿ.

ಎಲ್ಲಿ ಅಂದರೆ: 1926ರಲ್ಲಿ ಗಣಿ ಶಾಲೆಯಾಗಿ ಶುರುವಾಗಿ 2016ರಲ್ಲಿ ಐಐಟಿ ಆದ ಧನಬಾದ್ ಮೊದಲ ಹೆಸರು. ಮದ್ರಾಸ್ ಮತ್ತು ಗುವಾಹಟಿ ಐಐಟಿಗಳಲ್ಲೂ ಈ ಕೆಲಸ ನಡೆಯುತ್ತದೆ. ಉತ್ತರ ಪ್ರದೇಶದ ಜೈಸ್‌ನಲ್ಲಿರುವ ರಾಜೀವ್ ಗಾಂಧಿ ಪೆಟ್ರೋಲಿಯಂ ತಂತ್ರಜ್ಞಾನ ಸಂಸ್ಥೆ, ವಿಶಾಖಪಟ್ಟಣದ ಐಐಪಿಇ (ಪೆಟ್ರೋಲಿಯಂ ಮತ್ತು ಎನರ್ಜಿ ಸಂಸ್ಥೆ), ಗಾಂಧಿನಗರದ ಪಂಡಿತ್ ದೀನದಯಾಳ್ ಎನರ್ಜಿ ಯೂನಿವರ್ಸಿಟಿಯನ್ನೂ ನೋಡಿ. ಎಂಜಿನಿಯರಿಂಗ್ ಉನ್ನತ ಓದಿಗೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ಪೆಟ್ರೋಲಿಯಂಗೇ ಬೇರೆ ಪೇಪರ್ ಇದೆ, ಕೆಮಿಕಲ್ ಪೇಪರ್ ಬರೆದವರನ್ನೂ ತೆಗೆದುಕೊಳ್ಳುತ್ತಾರೆ. ಅಂಕ ಮೂರು ವರ್ಷ ನಡೆಯುತ್ತದೆ. ಫೆಲೋಶಿಪ್ ತಿಂಗಳಿಗೆ ಮೊದಲೆರಡು ವರ್ಷ 37,000, ಆಮೇಲೆ 42,000 ರೂಪಾಯಿ, ಇದು 2023ರಿಂದ ಇರುವ ದರ. ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ಸಿಕ್ಕರೆ 70,000ದಿಂದ ಶುರು. ನಿಮ್ಮ ಸಾಫ್ಟ್‌ವೇರ್ ಸಂಬಳಕ್ಕೆ ಹೋಲಿಸಿ ಒಂದು ದಿನ ಕೂತು ಯೋಚಿಸಿ, ಆಮೇಲೆ ಅರ್ಜಿ ಹಾಕಿ.

ಮಂಗಳೂರಿನ ಕಡೆ ಒಂದು ರಿಫೈನರಿಯಲ್ಲಿ ಶಿಫ್ಟ್ ಎಂಜಿನಿಯರ್ ನಾನು. ಕೆಲಸ ಬಿಡದೆ ಪೆಟ್ರೋಲಿಯಂ ಎಂಜಿನಿಯರಿಂಗ್ ಪಿಎಚ್‌ಡಿ ಮಾಡಬಹುದಾ?

ಮಾಡಬಹುದು, ಆದರೆ ನಿಮಗೆ ಬೇಕಿರೋದು ಅದೇನಾ? ಪೆಟ್ರೋಲಿಯಂ ಎಂಜಿನಿಯರಿಂಗ್ ಅಂದರೆ ಬಾವಿ, ಬಂಡೆ, ಕೊರೆತ, ಮೇಲೆತ್ತೋದು. ಕಚ್ಚಾ ತೈಲ ರಿಫೈನರಿಯ ಗೇಟು ದಾಟಿತು ಅಂದರೆ ಅದು ಕೆಮಿಕಲ್ ಎಂಜಿನಿಯರಿಂಗ್‌ನ ಪಾಲು. ನಿಮ್ಮ ಅನುಭವವೆಲ್ಲ ಕ್ಯಾಟಲಿಸ್ಟ್, ಕಾಲಮ್, ಫರ್ನೇಸ್ ಸುತ್ತ ಇದ್ದರೆ ಅದರಲ್ಲೇ ಪ್ರಶ್ನೆ ಹುಡುಕಿ, ಸುರತ್ಕಲ್ ಎನ್‌ಐಟಿಕೆಯ ಕೆಮಿಕಲ್ ವಿಭಾಗ ನಿಮಗೆ ಕೂಗಳತೆಯಲ್ಲಿದೆ. ಯುಜಿಸಿಯ 2022ರ ನಿಯಮದಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿಗೆ ಅವಕಾಶ ಇದೆ, ಕೆಲಸ ಕೊಟ್ಟವರಿಂದ ಎನ್‌ಒಸಿ (ನಮ್ಮ ಅಡ್ಡಿ ಇಲ್ಲ ಅನ್ನುವ ಪತ್ರ) ಬೇಕು. ನೈಟ್ ಶಿಫ್ಟ್ ಮುಗಿಸಿ ಬಂದು ಪೇಪರ್ ಓದೋದು ಎಷ್ಟು ದಿನ ನಡೆಯುತ್ತೆ ಅನ್ನೋದನ್ನು ಮನೆಯವರ ಹತ್ತಿರ ಕೂತು ಮಾತಾಡಿ.

ನೆಲದಡಿಯ ವಿಷಯವೇ ಬೇಕು ಅಂದರೆ ನಿಮ್ಮ ಹತ್ತಿರವೇ ಒಂದು ಚಿನ್ನದಂಥ ಪ್ರಶ್ನೆ ಇದೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ತೈಲವನ್ನು ತುರ್ತಿಗೆ ಅಂತ ಬಂಡೆ ಕೊರೆದ ಸುರಂಗಗಳಲ್ಲಿ ಇಡುವ ವ್ಯವಸ್ಥೆ ಇದೆ. ಒಳಗೆ ಉಕ್ಕಿನ ತಗಡು ಹೊದಿಸಿಲ್ಲ. ಸುತ್ತಲ ಬಂಡೆಯ ಬಿರುಕುಗಳಲ್ಲಿರುವ ನೀರಿನ ಒತ್ತಡವೇ ತೈಲ ಹೊರಗೆ ಸೋರದ ಹಾಗೆ ಹಿಡಿದಿಡುತ್ತದೆ. ಮಳೆಗಾಲ, ಬೇಸಿಗೆ, ಸುತ್ತಮುತ್ತಲಿನ ಬೋರ್‌ವೆಲ್‌ಗಳು ಇವೆಲ್ಲ ಆ ಅಂತರ್ಜಲಕ್ಕೆ ಏನು ಮಾಡುತ್ತವೆ? ಇದು ಕರಾವಳಿಯವರೇ ಹಿಡಿಯಬೇಕಾದ ವಿಷಯ ಅಂತ ನನ್ನ ಅನಿಸಿಕೆ.

ಸ್ವಾಮಿ, ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಮಗನಿಗೆ ಅಮೆರಿಕದಲ್ಲಿ ಪೆಟ್ರೋಲಿಯಂ ಪಿಎಚ್‌ಡಿಗೆ ಸೀಟು ಸಿಕ್ಕಿದೆ. ಮೊದಲ ವರ್ಷ ಫೀಸು ನಾವೇ ಕಟ್ಟಬೇಕಂತೆ, ಆಮೇಲೆ ಸ್ಕಾಲರ್‌ಶಿಪ್ ‘ಸಿಗಬಹುದು’ ಅಂತ ಬರೆದಿದ್ದಾರೆ. ಸೈಟು ಅಡ ಇಡಲಾ?

ಯಜಮಾನರೇ, ಬೇಡ. ಎಂ.ಎಸ್.ಗೆ ಸಾಲ ಮಾಡುವವರಿದ್ದಾರೆ, ಅದು ಬೇರೆ ಮಾತು. ಅಮೆರಿಕದಲ್ಲಿ ಎಂಜಿನಿಯರಿಂಗ್ ಪಿಎಚ್‌ಡಿ ಅಂದರೆ ಸಾಮಾನ್ಯವಾಗಿ ಅವರೇ ಫೀಸು ಮನ್ನಾ ಮಾಡಿ, ಪಾಠದ ಕೆಲಸಕ್ಕೋ ಸಂಶೋಧನೆ ಕೆಲಸಕ್ಕೋ ಹಚ್ಚಿ, ತಿಂಗಳಿಗಿಷ್ಟು ಅಂತ ಕೊಡುತ್ತಾರೆ. ಟೆಕ್ಸಸ್‌ನ ಆಸ್ಟಿನ್, ಟೆಕ್ಸಸ್ ಎ ಆಂಡ್ ಎಂ, ತುಲ್ಸಾ, ಕೊಲೊರಾಡೊದ ಮೈನ್ಸ್ ಸ್ಕೂಲ್, ಇಂಥ ಕಡೆ ಹೋದವರೂ ಬಹುತೇಕ ಈ ದಾರಿಯಲ್ಲೇ ಹೋದವರು. ‘ಸಿಗಬಹುದು’ ಅನ್ನುವ ಮಾತಿಗೆ ಸೈಟು ಅಡ ಇಡುವಷ್ಟು ಬೆಲೆ ಇಲ್ಲ.

ಮಗನಿಗೆ ಹೇಳಿ, ಯೂನಿವರ್ಸಿಟಿಗೆ ಬರೆದು ಕೇಳಲಿ: ಫೀಸು ಪೂರ್ತಿ ಮನ್ನಾನಾ, ಸ್ವಲ್ಪಾನಾ? ದುಡ್ಡು 9 ತಿಂಗಳಿಗೋ 12 ತಿಂಗಳಿಗೋ? ಬೇಸಿಗೆ ಮೂರು ತಿಂಗಳು ಊಟಕ್ಕೇನು? ಆರೋಗ್ಯ ವಿಮೆ ಯಾರದು? ಗೈಡ್ ಕೆಲಸ ಬಿಟ್ಟು ಹೋದರೆ ದುಡ್ಡು ನಿಲ್ಲುತ್ತಾ? ಉತ್ತರ ಕಾಗದದ ಮೇಲೆ ಬರಲಿ. ಬರದಿದ್ದರೆ ಒಂದು ವರ್ಷ ತಡೆದು ಮತ್ತೆ ಅರ್ಜಿ ಹಾಕಲಿ. ನಾರ್ವೆಯ ಟ್ರೊಂಡ್‌ಹೈಮ್, ಸ್ಟಾವಂಗರ್‌ನಲ್ಲಿ ಪಿಎಚ್‌ಡಿ ಮಾಡುವವರು ಸಂಬಳದ ಉದ್ಯೋಗಿಗಳೇ, ಅಲ್ಲೂ ನೋಡಲಿ. ಸೌದಿಯ ಧಹ್ರಾನ್ ಯೂನಿವರ್ಸಿಟಿಯೂ ಈ ವಿಷಯಕ್ಕೆ ಹೆಸರಾದದ್ದು.

ಐವತ್ತು ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದೆ, ಒಬ್ಬರೂ ಉತ್ತರಿಸಲಿಲ್ಲ. ಏನು ಮಾಡಲಿ? (ಶಿವಮೊಗ್ಗ)

ಐವತ್ತಕ್ಕೂ ಒಂದೇ ಮೇಲ್ ಹೋಗಿರಬೇಕು, ಅಲ್ವಾ? ‘ತಮ್ಮ ಘನ ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿ’ ಅಂತ ಶುರುವಾಗುವ ಪತ್ರ ಅವರಿಗೆ ದಿನಾ ಬರುತ್ತದೆ, ಎರಡನೇ ಸಾಲಿಗೆ ಅಳಿಸುತ್ತಾರೆ. ಐದೇ ಜನರನ್ನು ಆರಿಸಿ. ಒಬ್ಬೊಬ್ಬರ ಇತ್ತೀಚಿನ ಎರಡು ಪೇಪರ್ ಕೂತು ಓದಿ. ಆಮೇಲೆ ಬರೆಯಿರಿ: ‘ನಿಮ್ಮ ಪೇಪರ್‌ನಲ್ಲಿ ಉಪ್ಪಿನಂಶ ಕಡಿಮೆ ಮಾಡಿದಾಗ ಮರಳುಗಲ್ಲಿನಿಂದ ಜಾಸ್ತಿ ತೈಲ ಬಂತು ಅಂತಿದೆ. ಸುಣ್ಣಕಲ್ಲಿನಲ್ಲೂ ಹೀಗಾಗುತ್ತಾ ಅಂತ ನೋಡಿದ್ದೀರಾ? ನನ್ನ ಎಂ.ಟೆಕ್. ಕೆಲಸ ಇದಕ್ಕೆ ಹತ್ತಿರ ಇದೆ, ಒಂದು ಪುಟದ ಸಾರಾಂಶ ಜೊತೆಗಿಟ್ಟಿದ್ದೇನೆ.’ ಇಷ್ಟೇ ಸಾಕು. ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ, ಅದಕ್ಕಿಂತ ಹೆಚ್ಚು ಕಾಡಬೇಡಿ. ಜೊತೆಗೆ ಅವರ ಹಳೆಯ ವಿದ್ಯಾರ್ಥಿಗಳಿಗೆ ಬರೆದು, ಥೀಸಿಸ್ ಮುಗಿಯಲು ಎಷ್ಟು ವರ್ಷ ಹಿಡಿಯಿತು, ನಡುವೆ ಎಷ್ಟು ಜನ ಬಿಟ್ಟು ಹೋದರು ಅಂತ ಕೇಳಿ. ಗೈಡ್ ಬಗ್ಗೆ ಯಾವ ವೆಬ್‌ಸೈಟೂ ಹೇಳದ್ದು ಅಲ್ಲಿ ಗೊತ್ತಾಗುತ್ತದೆ.

ವಿದೇಶಿ ಯೂನಿವರ್ಸಿಟಿಯ ಆನ್‌ಲೈನ್ ಪಿಎಚ್‌ಡಿ, ಒಂದೂವರೆ ವರ್ಷದಲ್ಲಿ ಮುಗಿಯುತ್ತೆ ಅಂತ ಜಾಹೀರಾತು ಬಂದಿದೆ. ಸೇರಬಹುದಾ?

ಬೇಡ. ಆನ್‌ಲೈನ್ ಕಂಪನಿಗಳು ವಿದೇಶಿ ಸಂಸ್ಥೆಗಳ ಹೆಸರಲ್ಲಿ ಕೊಡುವ ಇಂಥ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ 2022ರಲ್ಲೇ ಹೇಳಿದೆ. ನಮ್ಮ ನಿಯಮದಲ್ಲಿ ಕನಿಷ್ಠ ಅವಧಿಯೇ ಮೂರು ವರ್ಷ.

ನನಗೆ 31, ಮದುವೆಯಾಗಿದೆ. ಪೆಟ್ರೋಲಿಯಂ ಅಂದರೆ ಗಂಡಸರ ಕೆಲಸ ಅಂತಾರೆ. ಈಗ ಶುರು ಮಾಡಿದರೆ ತಡವಾಯ್ತಾ? (ಹಾವೇರಿ)

ವಯಸ್ಸಿನ ಚಿಂತೆ ಬಿಡಿ. ಪಿಎಚ್‌ಡಿಯ ಕೆಲಸ ಹೆಚ್ಚಾಗಿ ಲ್ಯಾಬು ಮತ್ತು ಕಂಪ್ಯೂಟರ್ ಮುಂದೆ. ಇನ್ನು ರಿಗ್ ಮಾತು ಬಂದರೆ, ಸಮುದ್ರದ ಮೇಲಿನ ಪ್ಲಾಟ್‌ಫಾರ್ಮ್‌ಗಳಲ್ಲೂ ಈಗ ಮಹಿಳಾ ಎಂಜಿನಿಯರ್‌ಗಳಿದ್ದಾರೆ. ಯುಜಿಸಿ ನಿಯಮದಲ್ಲಿ ಮಹಿಳೆಯರಿಗೆ ಎರಡು ವರ್ಷ ಹೆಚ್ಚುವರಿ ಅವಧಿ, 240 ದಿನದವರೆಗೆ ಹೆರಿಗೆ ರಜೆ ಇದೆ. ಐಐಟಿಗಳ ನಿಯಮ ಬೇರೆ, ಸೇರುವ ಮೊದಲೇ ಕೇಳಿಕೊಳ್ಳಿ. ಮತ್ತೆ ಈ ರಜೆ, ಹೆಚ್ಚುವರಿ ಅವಧಿಯ ಪ್ರಶ್ನೆಯನ್ನು ಗೈಡ್‌ಗೆ ಮುಜುಗರವಿಲ್ಲದೆ ಕೇಳಿ. ಅವರು ಮುಖ ಸಿಂಡರಿಸಿದರೆ ಅವರ ಲ್ಯಾಬ್ ಹೇಗಿರುತ್ತೆ ಅಂತ ಅಲ್ಲೇ ತಿಳಿಯಿತು.

ಪಿಎಚ್‌ಡಿ ಮುಗಿಸಿ ಬೆಂಗಳೂರಲ್ಲೇ ಕೆಲಸ ಸಿಗುತ್ತಾ? ಅಮ್ಮ ಒಬ್ಬರೇ ಇದ್ದಾರೆ, ಬಿಟ್ಟು ದೂರ ಹೋಗೋಕಾಗಲ್ಲ.

ಕಷ್ಟ, ಆದರೆ ಆಗದ ಮಾತಲ್ಲ. ಶೆಲ್ ಕಂಪನಿಯ ತಂತ್ರಜ್ಞಾನ ಕೇಂದ್ರ ಬೆಂಗಳೂರಿನಲ್ಲಿದೆ. ಜೈಸ್‌ನ ಪೆಟ್ರೋಲಿಯಂ ಸಂಸ್ಥೆಯದೇ ಒಂದು ಎನರ್ಜಿ ಕೇಂದ್ರ ಇಲ್ಲಿದೆ, ಮೇಷ್ಟ್ರಾಗುವ ಆಸೆ ಇದ್ದರೆ ಕಣ್ಣಿಡಿ. ಜಕ್ಕೂರಿನ ವಿಜ್ಞಾನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್‌ನಲ್ಲಿ ಇಂಗಾಲ ಹಿಡಿದು ಬಳಸುವ ಬಗ್ಗೆ ರಾಷ್ಟ್ರೀಯ ಕೇಂದ್ರ ಇದೆ, ಆದರೆ ಅಲ್ಲಿ ರಸಾಯನಶಾಸ್ತ್ರದವರ ಪಾರಮ್ಯ. ಉಳಿದಂತೆ ನಿಮ್ಮ ಕೆಲಸ ಇರೋದು ಅಹಮದಾಬಾದ್, ಡೆಹ್ರಾಡೂನ್, ಮುಂಬೈ, ಅಸ್ಸಾಂ ಕಡೆ. ಸಿಮ್ಯುಲೇಷನ್, ಸಾಫ್ಟ್‌ವೇರ್ ಕಡೆ ಒಲವಿದ್ದರೆ ತೈಲ ಕಂಪನಿಗಳಿಗೆ ಬಾವಿ ಕೆಲಸ ಮಾಡಿಕೊಡುವ ಎಸ್‌ಎಲ್‌ಬಿ, ಹ್ಯಾಲಿಬರ್ಟನ್ ಎರಡರದ್ದೂ ತಂತ್ರಜ್ಞಾನ ಕೇಂದ್ರಗಳು ಪುಣೆಯಲ್ಲಿವೆ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಊರು. ಅಮ್ಮನನ್ನೇ ಅಲ್ಲಿಗೆ ಕರೆದುಕೊಂಡು ಹೋಗುವುದಾದರೆ ಅವರಿಗೆ ಪುಣೆಯ ಹವಾ ಹಿಡಿಸುತ್ತಾ ಅಂತ ಈಗಲೇ ಒಂದು ವಾರ ಇದ್ದು ನೋಡಿ ಬನ್ನಿ.