38 ರೋಗಿಗಳಿಗೆ ಒಬ್ಬರೇ ಸಿಸ್ಟರ್: ನೈಟ್ ಡ್ಯೂಟಿಯ ಲೆಕ್ಕ ಹೇಗೆ?

ಪ್ರಶ್ನೆ: ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಹಾಸಿಗೆ 30, ನೆಲದ ಮೇಲಿರುವವರೂ ಸೇರಿ ರೋಗಿಗಳು 38. ರಾತ್ರಿ ನಾನೊಬ್ಬಳೇ. ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಅಂತಾರೆ. ಹಾಗಾದರೆ ಹನ್ನೆರಡು ಜನ ಇರಬೇಕಲ್ಲವೇ? ಯಾರನ್ನು ಕೇಳಲಿ?

ಉತ್ತರ: ಹನ್ನೆರಡು ಜನ ಬರುವುದಿಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹೇಳುವ 1:3 ಮೂರೂ ಪಾಳಿ ಸೇರಿದ ಲೆಕ್ಕ. ಒಂದು ಪಾಳಿಗೆ ಅದು 1:9. 30 ಹಾಸಿಗೆಗೆ 10 ಜನ, ರಜೆಗೆಂದು ಶೇ 30 ಸೇರಿಸಿದರೆ 13. ಅಂದರೆ ರಾತ್ರಿಗೆ ಮೂವರಾದರೂ ಇರಬೇಕು. ಹುದ್ದೆ ಮಂಜೂರಾಗುವುದು ಹಾಸಿಗೆಗೆ; ನೆಲದ ಮೇಲಿನ ಎಂಟು ಮಂದಿ ಲೆಕ್ಕಕ್ಕೇ ಇಲ್ಲ. ಮೇಲೆ ಖಾಲಿ ಹುದ್ದೆ, ಹೆರಿಗೆ ರಜೆ, ಡೆಪ್ಯುಟೇಶನ್. ವಿದ್ಯಾರ್ಥಿನಿಯರನ್ನು ತೋರಿಸಿ "ಜನ ಇದ್ದಾರಲ್ಲ" ಎಂದರೆ ಒಪ್ಪಬೇಡಿ.

"ಕೆಲಸದ ಒತ್ತಡ ಜಾಸ್ತಿ" ಎಂದು ಬರೆದ ಅರ್ಜಿ ಫೈಲಿನಲ್ಲೇ ಮಲಗುತ್ತದೆ. ಹೊತ್ತನ್ನು ಬರೆಯಿರಿ. ಒಂದು ಗ್ರಾಂ ಸೆಫ್ಟ್ರಿಯಾಕ್ಸೋನ್ (ಆ್ಯಂಟಿಬಯಾಟಿಕ್ ಇಂಜೆಕ್ಷನ್) ಅನ್ನು 10 ಎಂಎಲ್ ನೀರಿನಲ್ಲಿ ಕರಗಿಸಿ, 2ರಿಂದ 4 ನಿಮಿಷ ನಿಧಾನವಾಗಿ ನರಕ್ಕೆ ಕೊಡಬೇಕು. ಹೆಸರು ಕೇಳಿ, ಕ್ಯಾನುಲಾ (ನರಕ್ಕೆ ಹಾಕಿದ ಸಣ್ಣ ಕೊಳವೆ) ನೋಡಿ, ರೋಗಿಯ ಔಷಧಿ ಶೀಟಿನಲ್ಲಿ ಬರೆಯುವಷ್ಟರಲ್ಲಿ ಆರು ನಿಮಿಷ ಹಿಡಿಯಿರಿ. ಇಂಥ 25 ಇಂಜೆಕ್ಷನ್ ಇದ್ದರೆ ಎರಡೂವರೆ ಗಂಟೆ. ರಾತ್ರಿ 10ರ ಡೋಸ್ ಮುಗಿಯುವುದು ಹನ್ನೆರಡೂವರೆಗೆ, ಅದೂ ನಡುವೆ ಯಾರೂ ಕರೆಯದಿದ್ದರೆ.

ಹೆಚ್ಚಿನವರು ಎಡವುವುದು ಇಲ್ಲೇ: 25 ಶೀಟಿಗೂ "10" ಎಂದೇ ಟಿಕ್ ಹಾಕಿಬಿಡುತ್ತಾರೆ. ಕಾಗದದ ಮೇಲೆ ವಾರ್ಡು ಸುಸೂತ್ರವಾಗಿ ಕಾಣುತ್ತದೆ, ಜನ ಬೇಕೆಂದು ಯಾರಿಗೂ ಅನಿಸುವುದಿಲ್ಲ. ನಾಳೆ ವಿಚಾರಣೆ ಬಂದರೆ ಸಿಕ್ಕಿಬೀಳುವುದೂ ನೀವೇ. ಕೊಟ್ಟ ಹೊತ್ತನ್ನೇ ಬರೆಯಿರಿ. ಮಧ್ಯರಾತ್ರಿಯ ಸೆನ್ಸಸ್‌ನಲ್ಲಿ (ರೋಗಿಗಳ ಎಣಿಕೆಯಲ್ಲಿ) ಒಟ್ಟು ರೋಗಿಗಳು, ನೆಲದ ಮೇಲಿರುವವರು, ಆಕ್ಸಿಜನ್ ಮೇಲಿರುವವರು, ರಕ್ತ ಏರುತ್ತಿರುವವರು ಎಷ್ಟೆಂದು ಬೇರೆಬೇರೆಯಾಗಿ ರಿಪೋರ್ಟ್ ಬುಕ್ಕಿನಲ್ಲಿ ಬರಲಿ. ಒಂದು ತಿಂಗಳ ಅಂಕಿ ಕೂಡಿಸಿ, ವಾರ್ಡ್ ಇನ್‌ಚಾರ್ಜ್ ಮೂಲಕ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಡಿ. ಅದರದೇ ಒಂದು ನಕಲು ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ. ನಿಮ್ಮ ಪ್ರತಿಯ ಮೇಲೆ ಟಪಾಲು ಶಾಖೆಯ ಸೀಲು, ನಂಬರು ಇರಲೇಬೇಕು. ಒಮ್ಮೆಲೇ ಮೂವರನ್ನು ಕೇಳುವುದಕ್ಕಿಂತ ರಾತ್ರಿಗೆ ಇನ್ನೊಬ್ಬರನ್ನು ಕೇಳಿದರೆ ಸಿಗುವ ಸಂಭವ ಹೆಚ್ಚು.

ಅಲ್ಲಿಯವರೆಗೆ, ಎಷ್ಟೇ ಅವಸರವಿದ್ದರೂ ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ. ಚುಚ್ಚಿದರೆ ಬೆರಳು ಹಿಂಡದೆ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಆಗಲೇ ಡ್ಯೂಟಿ ಡಾಕ್ಟರನ್ನು ಎಬ್ಬಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದಾದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ಬೆಳಿಗ್ಗೆ ಹ್ಯಾಂಡೋವರ್ ಕೊಟ್ಟು ನೋಡಿಕೊಳ್ಳೋಣ ಎನ್ನಬೇಡಿ.